ಸಾಗರಕ್ಕೊಂದು ಮುಯ್ಯಾಳು

ಸಾಗರದ ಒಂದು ಡಯಾಲಿಸಿಸ್ ಕೇಂದ್ರದ ಎದುರಿಗೆ ಮೆಡಿಕಲ್ ಶಾಪ್ ಇದೆ. ಅದರ ಮುಂದೆ ಮರದ ಬೆಂಚೊಂದಿದೆ. ಬೆಂಚು ಹಾಕಿಸಿದವಳು ನನ್ನ ಗೆಳತಿ ಸುಷ್ಮಾ. ಅಂಗಡಿ ಅವಳದಲ್ಲ, ಅಲ್ಲಿ ಸಂಬಳಕ್ಕಿರುವವಳು. "ಗಿರಾಕಿ ನಿಂತಿದ್ರೆ ಬೇಗ ಹೋಗ್ತಾರೆ, ಕೂತಿದ್ರೆ ಇನ್ನೊಂದು ಸಾಮಾನು ನೆನಪಾಗುತ್ತೆ ಸಾರ್" ಎಂದು ಮಾಲೀಕರನ್ನು ಒಪ್ಪಿಸಿದ್ದಳಂತೆ. ಅಸಲು ಕಾರಣ ಬೇರೆ. ಡಯಾಲಿಸಿಸ್ ಮುಗಿಸಿ ಬಂದವರು ಬಸ್ಸಿನ ಹೊತ್ತಿನ ತನಕ ಗೋಡೆ ಹಿಡಿದು ನಿಂತಿರುವುದನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ.

ನಾವು ಮೂವರು ಸಾಗರದ ಕಾಲೇಜಿನಲ್ಲಿ ಒಟ್ಟಿಗೆ ಬಿ.ಎ. ಓದಿದವರು. ನಾನು ಬಿಂದು, ಈಗ ತೀರ್ಥಹಳ್ಳಿಯಲ್ಲಿ ಅತಿಥಿ ಉಪನ್ಯಾಸಕಿ. ರಾಜೇಂದ್ರ ಸಾಗರದಲ್ಲೇ ಆಟೋ ಓಡಿಸುತ್ತಾನೆ. ಸುಷ್ಮಾ ಹೊಸನಗರದ ಕಡೆಯ ಹಳ್ಳಿಯವಳು. ಮೂವರ ಮನೆಯಲ್ಲೂ ಡಿಗ್ರಿ ಮುಗಿಸಿದವರಲ್ಲಿ ನಾವೇ ಮೊದಲು. ಬಿಡುವಾದ ಭಾನುವಾರ ವರದಮೂಲದ ಕೊಳದ ಮೆಟ್ಟಿಲ ಮೇಲೆ ಸೇರುತ್ತೇವೆ. ಮಂಡಕ್ಕಿ ಪೊಟ್ಟಣ ಬಿಚ್ಚಿಟ್ಟುಕೊಂಡು ಮಧ್ಯಾಹ್ನದ ತನಕ ಮಾತಾಡುತ್ತೇವೆ. ಮಾತು ಎಲ್ಲಿಂದ ಹೊರಟರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ: ಇಷ್ಟು ಓದಿದೆವಲ್ಲ, ಓದಿ ನಾವು ಏನಾದೆವು?

"ನಂದಂತೂ ಬಿ.ಎ. ಪಾಸಾದ ಆಟೋ" ಎನ್ನುತ್ತಾನೆ ರಾಜೇಂದ್ರ. "ಹತ್ತಿದವರಿಗೆ ಕೆಳದಿ ಇತಿಹಾಸ ಪುಕ್ಕಟೆ. ಬಾಡಿಗೆ ಮಾತ್ರ ಅಷ್ಟೇ."

ಸುಷ್ಮಾಗೆ ಈ ಪ್ರಶ್ನೆ ನಮ್ಮಿಬ್ಬರಿಗಿಂತ ಹೆಚ್ಚು ಚುಚ್ಚುತ್ತಿತ್ತು. ಅವಳು ಐದನೇ ಕ್ಲಾಸಿನಿಂದಲೂ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಹುಡುಗಿಯರು ಹೆಸರು ಕೇಳಿದ ಮೇಲೆ ಕೇಳುವ ಎರಡನೇ ಪ್ರಶ್ನೆ "ನಿಮ್ಮನೇಲಿ ತೋಟ ಎಷ್ಟಿದೆ?" ಎಂಬುದು. ಇವಳ ಅಪ್ಪ ಜಯಪ್ಪನವರಿಗೆ ಇದ್ದದ್ದು ಒಂದು ತುಂಡು ಗದ್ದೆ. ಅದೂ ಅವರ ಅಪ್ಪ ಗೇಣಿಗೆ ಮಾಡುತ್ತಿದ್ದು, ಭೂಸುಧಾರಣೆಯಲ್ಲಿ ತಮ್ಮದಾದದ್ದು. ಆ ಸಂಗತಿಯನ್ನು ಸುಷ್ಮಾ ಯಾರಿಗೂ ಹೇಳುತ್ತಿರಲಿಲ್ಲ. ಮನೆಯಲ್ಲಿ ಅಪ್ಪನೂ ಹೇಳುತ್ತಿರಲಿಲ್ಲ. "ಹಳೇದೆಲ್ಲ ನಿಂಗ್ಯಾಕೆ, ನೀನು ಓದು" ಎಂದಷ್ಟೇ ಅನ್ನುತ್ತಿದ್ದರು. ಹಾಗಾಗಿ ಅವಳಿಗೆ ಓದು ಬಂತು, ಹಳೆಯದು ಗೊತ್ತಾಗಲಿಲ್ಲ. ಯಾವೂರು ಎಂದು ಕೇಳಿದರೆ "ಸಾಗರ" ಎಂದು ಹೇಳಿ ಮಾತು ಮುಗಿಸುವ ಅಭ್ಯಾಸವೂ ಬಂತು.

ಹೋದ ವರ್ಷ ಆ ಬೆಂಚಿಗೆ ಹೂವಯ್ಯನವರು ಬಂದರು. ಹೊಸನಗರ ದಾರಿಯ ಕಲ್ಲುಕೊಪ್ಪದವರು. ಸೋಮವಾರ ಮತ್ತು ಗುರುವಾರ ಬೆಳಗಿನ ಬಸ್ಸಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋಗುತ್ತಿದ್ದರು. ರೋಗಿಯ ಜೊತೆಗೊಬ್ಬರು ಇರಲೇಬೇಕು ಎಂಬುದು ಕೇಂದ್ರದ ನಿಯಮ. ಮಧ್ಯೆ ಬಿಪಿ ಇಳಿದರೆ, ತಲೆ ತಿರುಗಿ ಬಿದ್ದರೆ ನೋಡಿಕೊಳ್ಳಲು ಜನ ಬೇಕಲ್ಲ. ಅವರಿಗೆ ಮಕ್ಕಳಿಲ್ಲ. ಹೆಂಡತಿ ದುಗ್ಗಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಅವರು ಗಂಡನ ಜೊತೆ ಬಂದ ದಿನ ಶಾಲೆಯ ಮಕ್ಕಳಿಗೆ ಊಟವಿಲ್ಲ, ಶಾಲೆಯ ಊಟ ಬೇಯಿಸಿದ ದಿನ ಗಂಡನಿಗೆ ಜೊತೆಯಿಲ್ಲ.

ಒಂದು ಗುರುವಾರ ಹೂವಯ್ಯ ಒಬ್ಬರೇ ಬಂದಿದ್ದರು. ಜೊತೆಗೆ ಯಾರು ಎಂದು ಸಿಸ್ಟರ್ ಕೇಳಿದರು. ಔಷಧಿ ಕೊಡಲು ಹೋಗಿದ್ದ ಸುಷ್ಮಾ "ನಾನಿದೀನಿ" ಎಂದಳು.

"ನೀವು ಇವರಿಗೆ ಏನಾಗಬೇಕು?"

"ಮಗಳು."

ಇದನ್ನು ಅವಳು ವರದಮೂಲದಲ್ಲಿ ಹೇಳಿದಾಗ ರಾಜೇಂದ್ರ ಮಂಡಕ್ಕಿ ಬಾಯಿಗೆ ಹಾಕುವುದನ್ನು ನಿಲ್ಲಿಸಿದ. "ಹೋಗ್ಲಿ ಬಿಡು ಮಾರಾಯ್ತಿ, ಹೊಸನಗರದಲ್ಲಿ ಒಬ್ಬ ಅಪ್ಪ, ಸಾಗರದಲ್ಲಿ ಒಬ್ಬ ಅಪ್ಪ. ತೀರ್ಥಹಳ್ಳಿಗೂ ಒಬ್ಬನ್ನ ನೋಡೋಣ, ಬಿಂದು ಹುಡುಕ್ತಾಳೆ."

"ತಮಾಷೆ ಬೇಡ. ಅಂಗಡಿ ಬಿಟ್ಟು ಅಷ್ಟು ಹೊತ್ತು ಕೂತಿದ್ದಕ್ಕೆ ಮಾಲೀಕರು ಬೈದ್ರು. ಪ್ರತಿ ಸಲ ಆಗಲ್ಲ."

"ದುಗ್ಗಮ್ಮನೇ ಬರಲಿ" ಎಂದೆ ನಾನು.

"ಅವರು ಬಂದ್ರೆ ಕೆಲಸ ಹೋಗುತ್ತೆ. ಹಿಂಗೇ ರಜೆ ಮಾಡಿದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ ಅಂತ ಹೆಡ್ ಮೇಷ್ಟ್ರು ಹೇಳಿಬಿಟ್ಟಿದಾರೆ. ಅದಕ್ಕೇ ಹೂವಯ್ಯ ಬರೋದನ್ನೇ ಬಿಡ್ತೀನಿ ಅಂತಿದಾರೆ. ಮೊನ್ನೆ ಬೆಂಚಲ್ಲಿ ಕೂತು ಏನಂದ್ರು ಗೊತ್ತಾ? 'ಅವಳ ಕೆಲಸ ಹೋದ್ರೆ ಇಬ್ಬರೂ ಉಪವಾಸ. ನಾನು ಬರೋದು ಬಿಟ್ರೆ ಹೋಗೋದು ಒಬ್ಬನೇ.'"

ರಾಜೇಂದ್ರ ಪೊಟ್ಟಣ ಮಡಚಿಟ್ಟ. ಆ ದಿನ ಮತ್ತೆ ಯಾರೂ ನಗಲಿಲ್ಲ.

ಮುಂದಿನ ವಾರವೇ ಸುಷ್ಮಾ ನನಗೆ ಫೋನ್ ಮಾಡಿದಳು. ದನಿಯಲ್ಲೇ ಕುಣಿಯುತ್ತಿದ್ದಳು. ಅವಳಿಗೊಂದು ದಾರಿ ಹೊಳೆದಿತ್ತು. ಅದೇ ಕಲ್ಲುಕೊಪ್ಪದಿಂದ ಗಣೇಶಮೂರ್ತಿ ಎಂಬ ತೋಟದ ಯಜಮಾನರೂ ಅದೇ ದಿನ, ಅದೇ ಹೊತ್ತಿಗೆ ಡಯಾಲಿಸಿಸ್‌ಗೆ ಬರುತ್ತಾರೆ. ಡ್ರೈವರ್ ಓಡಿಸುವ ಕಾರಿನಲ್ಲಿ, ಹೆಂಡತಿ ವರದಮ್ಮನವರ ಜೊತೆ. ಒಳಗೆ ಹೂವಯ್ಯನ ಪಕ್ಕದ ಹಾಸಿಗೆಯೇ ಅವರದು. ಇಬ್ಬರೂ ಚಿಕ್ಕವರಿದ್ದಾಗ ಒಂದೇ ಶಾಲೆಗೆ ಹೋದವರಂತೆ. ಸುಷ್ಮಾ ವರದಮ್ಮನವರನ್ನು ಕೇಳಿದಳು: ಹೂವಯ್ಯನನ್ನೂ ಕಾರಿನಲ್ಲಿ ಕರೆತಂದು, ನೀವೇ ಇಬ್ಬರನ್ನೂ ನೋಡಿಕೊಳ್ಳಲಾಗುತ್ತದೆಯೇ?

"ಅಯ್ಯೋ, ಅದಕ್ಕೇನಂತೆ, ಕಾರು ಹೇಗೂ ಬರುತ್ತಲ್ಲ ಅಂದ್ರು ಕಣೇ! ಒಂದೇ ಮಾತಿಗೆ! ಇಷ್ಟು ಸುಲಭ ಇತ್ತು, ಯಾರಿಗೂ ಹೊಳೆದಿರಲಿಲ್ಲ."

ನನಗೂ ಖುಷಿಯಾಯಿತು. ಕ್ಲಾಸಿನಲ್ಲಿ ಮಕ್ಕಳಿಗೆ ಸಮಾಜಸೇವೆ ಎಂದರೇನು ಎಂದು ಹೇಳುವಾಗ, ಹೆಸರು ಹೇಳದೆ ಇದನ್ನೇ ಉದಾಹರಣೆ ಕೊಟ್ಟೆ.

ಸೋಮವಾರ ಕಾರು ಬಂತು. ಹೂವಯ್ಯ ಬರಲಿಲ್ಲ. ಗುರುವಾರವೂ ಕಾರು ಬಂತು, ಹೂವಯ್ಯ ಇಲ್ಲ. ಮನೆ ಮುಂದೆ ಕಾರು ನಿಲ್ಲಿಸಿ ಹಾರ್ನ್ ಮಾಡಿದರೂ ಯಾರೂ ಹೊರಗೆ ಬರಲಿಲ್ಲ ಎಂದು ವರದಮ್ಮ ಬೇಜಾರು ಮಾಡಿಕೊಂಡರು. ಸುಷ್ಮಾ ಫೋನ್ ಮಾಡಿದರೆ ದುಗ್ಗಮ್ಮ ತೆಗೆದರು. "ಯಾರು ಹೇಳಿದ್ರು ಮಗಾ ನಿಂಗೆ ಇದೆಲ್ಲ ಮಾಡು ಅಂತ? ನಮ್ಮನ್ನ ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವಾ?" ಎಂದು ಕೇಳಿ ಇಟ್ಟುಬಿಟ್ಟರು.

ಡಯಾಲಿಸಿಸ್ ಎರಡು ಸಲ ತಪ್ಪಿದರೆ ಏನಾಗುತ್ತದೆ ಎಂದು ಮೆಡಿಕಲ್ ಶಾಪಿನವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಭಾನುವಾರ ನಾನು ತೀರ್ಥಹಳ್ಳಿಯಿಂದ ಮೊದಲ ಬಸ್ಸಿಗೆ ಬಂದೆ. ಸುಷ್ಮಾ ಕೊಳದ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. "ಜೀವ ಉಳಿಸೋಕೆ ಹೋಗಿ ಇದ್ದ ದಾರೀನೂ ಮುಚ್ಚಿದೆ. ಕಾರಲ್ಲಿ ಕೂತ್ರೆ ಏನು ಕಳ್ಕೊಳ್ತಾರೆ ಅವರು?"

ರಾಜೇಂದ್ರ ಅವಳ ಪಕ್ಕ ಬಂದು ಕೂತ. "ನಿನ್ನಜ್ಜ ಗೇಣಿದಾರ ಅಲ್ವಾ ಸುಷ್ಮಾ?"

ಅವಳು ಬೆಚ್ಚಿದಳು. "ನಿಂಗ್ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ನನ್ನಜ್ಜನೂ ಗೇಣಿದಾರನೇ. ತೋಟದ ಮಾತು ಬಂದಾಗೆಲ್ಲ ನೀನು ಚಪ್ಪಲಿ ಸರಿ ಮಾಡ್ಕೊಳ್ತೀಯಲ್ಲ, ನಾನೂ ಹಂಗೇ ಮಾಡ್ತಿದ್ದೆ. ಹೂವಯ್ಯನೋರು ಗಣೇಶಮೂರ್ತಿ ಮನೆ ಗೇಣಿದಾರರು ಇರಬೇಕು. ಕೇಳಿದೀಯಾ?"

"ಇಲ್ಲ."

"ಕಾರಿನ ಬಾಗಿಲು ತೆಗೆಯೋಕೆ ಮೊದಲು ಕೇಳ್ಬೇಕಿತ್ತು."

ಸುಷ್ಮಾ ಎದ್ದು ಆಟೋದಲ್ಲಿ ಹೋಗಿ ಕೂತಳು. ನಾವು ಮೂವರೂ ಕಲ್ಲುಕೊಪ್ಪಕ್ಕೆ ಹೊರಟೆವು.

ಹೂವಯ್ಯ ಜಗುಲಿಯಲ್ಲಿ ಒರಗಿದ್ದರು. ಕಾಲು ಬಾತಿತ್ತು. ಮಾತಿನ ಮಧ್ಯೆ ಉಸಿರಿಗೆ ನಿಲ್ಲಬೇಕಾಗುತ್ತಿತ್ತು. ಆದರೂ ಸುಷ್ಮಾಳನ್ನು ನೋಡಿ "ಬಾ ಮಗಳೇ, ಸಿಸ್ಟರಮ್ಮ ಹಾಜರಿ ಕೇಳಿದ್ರಾ?" ಎಂದರು.

ಸುಷ್ಮಾ ಅವರ ಕಾಲ ಬಳಿ ಕೂತಳು. "ನಾನು ಕೇಳದೆ ಮಾಡಿದೆ, ತಪ್ಪಾಯ್ತು. ಈಗ ಕೇಳ್ತಿದೀನಿ. ಯಾಕೆ ಬರಲ್ಲ ಹೇಳಿ."

"ನನ್ನಪ್ಪ ಆ ಮನೆ ಅಂಗಳದಲ್ಲಿ ನಿಂತೇ ಮುದುಕ ಆದ" ಎಂದರು ಹೂವಯ್ಯ. "ಕರೆದಾಗ ಹೋಗ್ಬೇಕು, ಬಿಟ್ಟಿ ದುಡೀಬೇಕು. ಗದ್ದೆ ನಮ್ಮದಾದ ದಿನ ಅಪ್ಪ ಹೇಳಿದ್ದು ಒಂದೇ ಮಾತು, ಆ ಮನೆಯಿಂದ ಏನನ್ನೂ ಸುಮ್ಮನೆ ತಗೋಬೇಡ ಅಂತ. ಗಣೇಶಮೂರ್ತಿ ಕೆಟ್ಟವರಲ್ಲ. ಪಕ್ಕದ ಹಾಸಿಗೇಲಿ ಮಲಗಿ ಎಷ್ಟು ನಗಸ್ತಾರೆ. ಆದ್ರೆ ಅವರ ಕಾರಲ್ಲಿ ಹೋಗಿ ಬಂದು ಉಳಿದ್ರೆ ನಾನು ಅದನ್ನ ಯಾವತ್ತು ತೀರಿಸಲಿ?"

"ಮುಯ್ಯಿ ಮಾಡ್ಕೊಂಡ್ರೆ?" ಎಂದ ರಾಜೇಂದ್ರ ಬಾಗಿಲಲ್ಲಿ ನಿಂತು.

ನಮ್ಮ ಕಡೆ ಸಸಿ ನೆಡುವ ನಟ್ಟಿ ಕಾಲದಲ್ಲಿ ಕೂಲಿಗೆ ಜನ ಹುಡುಕದೆ ಮುಯ್ಯಾಳು ಮಾಡಿಕೊಳ್ಳುವ ಪದ್ಧತಿ ಇದೆ. ಇವತ್ತು ನಿಮ್ಮ ಮನೆಯಿಂದ ಒಬ್ಬರು ನಮ್ಮ ಗದ್ದೆಗೆ, ನಾಳೆ ನಮ್ಮ ಮನೆಯಿಂದ ಒಬ್ಬರು ನಿಮ್ಮ ಗದ್ದೆಗೆ. ಯಾರೂ ಯಾರಿಗೂ ಉಪಕಾರ ಮಾಡಿದ ಹಾಗಲ್ಲ.

ರಾಜೇಂದ್ರ ಬಿಡಿಸಿ ಹೇಳಿದ. "ಒಂದು ಸಲ ದುಗ್ಗಮ್ಮ ಇಬ್ಬರನ್ನೂ ಕರ್ಕೊಂಡು ಹೋಗಲಿ, ವರದಮ್ಮ ಮನೇಲಿರಲಿ. ಅವರಿಗೂ ಮಂಡಿ ನೋವಂತೆ. ಇನ್ನೊಂದು ಸಲ ಅವರು ಇಬ್ಬರನ್ನೂ ನೋಡ್ಕೊಳ್ಳಲಿ, ದುಗ್ಗಮ್ಮ ಶಾಲೆಗೆ ಹೋಗಲಿ. ವಾರಕ್ಕೆ ಒಂದೇ ದಿನ ಅಂದ್ರೆ ಶಾಲೆಗೆ ಬದಲಿಯವರನ್ನ ಹೊಂದಿಸಬಹುದು, ಹೆಡ್ ಮೇಷ್ಟ್ರೂ ಒಪ್ತಾರೆ. ಅವರಿಗೂ ಆಳು ಬೇಕು, ನಿಮಗೂ ಆಳು ಬೇಕು."

ಒಳಗಿಂದ ದುಗ್ಗಮ್ಮ ಸೌಟು ಹಿಡಿದುಕೊಂಡೇ ಬಂದರು. "ಆ ಮನೆಗೂ ಈ ಮನೆಗೂ ಮುಯ್ಯಿ? ಚೆನ್ನಾಗಿ ಹೇಳ್ದೆ ಕಣಪ್ಪ! ಮುಯ್ಯಿ ಬೇಕಾದೋರು ಬಾಗಿಲಿಗೆ ಬಂದು ಕರೀಬೇಕು. ಬಂದ ಆಳನ್ನ ಮನೆ ಒಳಗೆ ಕೂರಿಸಿ ಉಣ್ಣಕ್ಕಿಡಬೇಕು. ಆ ಮನೆಯವರು ಯಾವ ಕಾಲಕ್ಕಾದ್ರೂ ನಮ್ಮ ಅಂಗಳಕ್ಕೆ ಕಾಲಿಟ್ಟಿದಾರಾ? ಹಾರ್ನ್ ಹೊಡೆದ್ರೆ ಓಡಿ ಬರೋಕೆ ನಾವೇನು ಶಾಲೆ ಮಕ್ಕಳಾ?"

"ಅವರು ಬಂದು ಕರೆದ್ರೆ ಹೋಗ್ತೀರಾ?" ಎಂದಳು ಸುಷ್ಮಾ.

ದುಗ್ಗಮ್ಮ ಗಂಡನ ಕಾಲು ನೋಡಿದರು. "ಕರೆದ್ರೆ ನೋಡೋಣ. ಅವರು ಬರಲ್ಲ ಬಿಡು."

ಸುಷ್ಮಾ ಒಬ್ಬಳೇ ಹೊರಟಳು. ನಾನೂ ಬರುತ್ತೇನೆಂದರೆ ಬೇಡ ಅಂದಳು. ಅಲ್ಲಿ ನಡೆದದ್ದನ್ನು ಆಮೇಲೆ ಅವಳ ಬಾಯಿಂದಲೇ ಕೇಳಿದ್ದು.

ಗಣೇಶಮೂರ್ತಿ ಪೇಪರ್ ಓದುತ್ತಿದ್ದರು. ವರದಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಸುಷ್ಮಾ ಸುತ್ತಿ ಬಳಸಿ ಮಾತಾಡಲಿಲ್ಲ. "ನಾನೂ ಗೇಣಿದಾರರ ಮನೆ ಹುಡುಗಿ. ಆದ್ರೂ ಹೂವಯ್ಯನೋರ ಮನೆ ವಿಷಯ ನಂಗೆ ಇವತ್ತೇ ಗೊತ್ತಾಗಿದ್ದು" ಎಂದು ಶುರು ಮಾಡಿ ಎಲ್ಲ ಹೇಳಿದಳಂತೆ. ಆ ಮಾತನ್ನು ಅವಳು ಯಾರೆದುರಿಗಾದರೂ ಆಡಿದ್ದು ಅದೇ ಮೊದಲು.

ವರದಮ್ಮನಿಗೆ ನೋವಾಯಿತು. ಗಂಡನ ಕಡೆ ತಿರುಗಿ "ನಾ ಒಳ್ಳೇದಕ್ಕೇ ಹೇಳಿದ್ದು. ಇದ್ರಲ್ಲಿ ನಂದೆಂತ ತಪ್ಪು ಇದ್ದು?" ಎಂದರು.

ಗಣೇಶಮೂರ್ತಿ ಪೇಪರ್ ಮಡಚಿದರು. "ನಿಂದು ತಪ್ಪು ಇಲ್ಲೆ. ಹೂವಯ್ಯ ಹೇಳಿದ್ದೂ ಸುಳ್ಳಲ್ಲ. ನನ್ನಪ್ಪ ಆಳು ಕಳಿಸಿ ಅವನಪ್ಪನ್ನ ಕರೆಸ್ತಿದ್ದ. ನಾನು ಈ ಜಗುಲಿ ಮೇಲೆ ಆಡ್ತಾ ಇದ್ದೆ, ಅವನು ಅಂಗಳದಲ್ಲಿ ಅಪ್ಪನ ಪಕ್ಕ ನಿಂತಿರ್ತಿದ್ದ. ಅವನಿಗೆ ಮರೆತಿದ್ದಿಲ್ಲೆ. ನಂಗೂ ಮರೆತಿದ್ದಿಲ್ಲೆ." ಆಮೇಲೆ ಸುಷ್ಮಾಳ ಕಡೆ ನೋಡಿ, "ಅವನು ಇಲ್ಲದೆ ಆ ಹಾಸಿಗೆ ಖಾಲಿ ಇದೆಯಮ್ಮ. ಮಷಿನ್ನಿನ ಸದ್ದು ಕೇಳಿ ಕೇಳಿ ಸಾಕಾಯ್ತು. ನಾನೇ ಹೋಗಿ ಕರೀತೀನಿ" ಎಂದರು.

"ನಿಮಗೆ ಎಂತಕ್ಕೆ? ಆಳು ಬೇಕಾಗಿದ್ದು ನಂಗೆ" ಎಂದು ವರದಮ್ಮ ಎದ್ದು ಸೆರಗು ಸರಿ ಮಾಡಿಕೊಂಡರು.

ನಾನು ಮತ್ತು ರಾಜೇಂದ್ರ ಹೂವಯ್ಯನ ಅಂಗಳದಲ್ಲಿ ದಾರಿ ನೋಡುತ್ತಿದ್ದೆವು. ಗದ್ದೆ ಬದಿಯ ರಸ್ತೆಯಲ್ಲಿ ಇಬ್ಬರು ಹೆಂಗಸರು ಬರುವುದು ಕಂಡಿತು. ವರದಮ್ಮನದು ಒಂದೊಂದೇ ಹೆಜ್ಜೆ. ರಾಜೇಂದ್ರ ಆಟೋ ತಿರುಗಿಸಿಕೊಂಡು ಎದುರಿಗೆ ಹೋದರೆ ಹತ್ತಲಿಲ್ಲವಂತೆ. "ಕರೆಯೋಕೆ ಹೊರಟವಳು ಗಾಡಿಯಲ್ಲಿ ಬಂದ್ರೆ ದುಗ್ಗಮ್ಮ ಮತ್ತೆ ಹಾರ್ನ್ ಅಂತಾಳೆ" ಎಂದರಂತೆ. ಆಟೋ ಖಾಲಿಯಾಗಿ ಅವರ ಹಿಂದೆ ಹಿಂದೆ ಬಂತು.

ವರದಮ್ಮ ಅಂಗಳದಲ್ಲಿ ನಿಂತರು. ಮುಖ ಕೆಂಪಾಗಿತ್ತು. ದುಗ್ಗಮ್ಮ ಬಾಗಿಲಲ್ಲಿ ನಿಂತಿದ್ದರು. ಜಗುಲಿಯಲ್ಲಿ ಹೂವಯ್ಯ ಒರಗಿದ್ದಲ್ಲಿಂದ ಎದ್ದು ಕೂತರು.

"ದುಗ್ಗಮ್ಮ, ನಾಳೆ ನಮ್ಮನೆಗೆ ಒಂದು ಆಳು ಬೇಕಿತ್ತು. ಸಾಗರಕ್ಕೆ. ಬತ್ಯಾ?"

ದುಗ್ಗಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ನಂಗೆ ಗುರುವಾರ ಬೇಕಾಗುತ್ತೆ. ಆಗ ನಿಮ್ಮನೆಯಿಂದ ಯಾರು ಬರ್ತಾರೆ?"

"ನಾನೇ ಬರ್ತೀನಿ."

"ನಮ್ಮ ಸರದಿ ಅಂದ್ರೆ ನಮ್ಮ ಗಾಡಿ. ಬಸ್ಸಿಗೆ ಹೋಗ್ಬೇಕು."

"ಬಸ್ಸಿನ ಮೆಟ್ಟಿಲು ಎತ್ತರ ಅಲ್ದಾ?" ಎಂದು ವರದಮ್ಮನ ಬಾಯಿಂದ ಬಂದುಬಿಟ್ಟಿತು. ಕೂಡಲೇ "ಹತ್ತಿದ್ರಾಯ್ತು" ಎಂದರು.

"ಬೆಳಿಗ್ಗೆ ನಮ್ಮನೇಲಿ ತಿಂಡಿ ತಿನ್ನಬೇಕು."

ವರದಮ್ಮ ಒಂದು ಕ್ಷಣ ತಡೆದರು. ದುಗ್ಗಮ್ಮ ಅದನ್ನು ಗಮನಿಸಿದರು. "ನಿಮ್ಮ ಮೊಮ್ಮಗಳು ದಿನಾ ಶಾಲೇಲಿ ನನ್ನ ಕೈ ಊಟಾನೇ ಉಣ್ಣೋದು. ಎರಡೆರಡು ಸಲ ಹಾಕಿಸ್ಕೊಳ್ತಾಳೆ."

"ಅದಕ್ಕೇ ಮನೆಗೆ ಬಂದು ನನ್ನ ಸಾರು ಸಪ್ಪೆ ಅಂತಾಳೆ!" ಎಂದರು ವರದಮ್ಮ. ದುಗ್ಗಮ್ಮನಿಗೆ ನಗು ಬಂತು. ನಗುವನ್ನು ನುಂಗಲು ನೋಡಿದರು, ಆಗಲಿಲ್ಲ. "ನಿಂತೇ ಇದೀರಲ್ಲ, ಮೇಲೆ ಬನ್ನಿ" ಎಂದು ಜಗುಲಿಗೆ ಚಾಪೆ ಹಾಸಿದರು.

ಸೋಮವಾರ ಬೆಳಿಗ್ಗೆ ದುಗ್ಗಮ್ಮ ಗಣೇಶಮೂರ್ತಿಯವರ ಮನೆಗೆ ಹೋದರು. ಅಡುಗೆಮನೆ ಪಕ್ಕದ ಊಟದ ಮೇಜಿನಲ್ಲಿ ಕೂರಿಸಿ ದೋಸೆ ಕೊಟ್ಟರಂತೆ. "ದೋಸೆ ಪರವಾಗಿಲ್ಲ, ಚಟ್ನಿಗೆ ಖಾರ ಸಾಲದು" ಎಂದು ದುಗ್ಗಮ್ಮ ಬೆಂಚಿನಲ್ಲಿ ಕೂತು ಸುಷ್ಮಾಗೆ ವರದಿ ಒಪ್ಪಿಸಿದರು. ಆ ದಿನ ಹೂವಯ್ಯ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಂದರು. ಕೇಂದ್ರದ ಡಾಕ್ಟರು ತಪ್ಪಿಸಿದ್ದಕ್ಕೆ ಚೆನ್ನಾಗಿ ಬೈದರು. ಹೂವಯ್ಯ ತಲೆ ತಗ್ಗಿಸಿ ಬೈಸಿಕೊಂಡರು. ಸಂಜೆಗೆ ಉಸಿರು ಹಗುರಾಗಿತ್ತು. ಬಾತ ಕಾಲು ಇಳಿಯಲು ಮಾತ್ರ ಆ ವಾರ ಪೂರ್ತಿ ಬೇಕಾಯಿತು.

ಗುರುವಾರ ನಾನು ಕಾಲೇಜಿಗೆ ರಜೆ ಹಾಕಿ ಸಾಗರಕ್ಕೆ ಬಂದಿದ್ದೆ. ಬಸ್ ನಿಲ್ದಾಣದಲ್ಲಿ ಸುಷ್ಮಾ ಉಗುರು ಕಚ್ಚುತ್ತ ನಿಂತಿದ್ದಳು. "ಬರದೇ ಇದ್ರೆ? ಮೆಟ್ಟಿಲು ಹತ್ತೋಕಾಗದೇ ಇದ್ರೆ?" ಬಸ್ಸು ಬಂತು. ಮೊದಲು ಇಳಿದವರು ಗಣೇಶಮೂರ್ತಿ. ಬಸ್ಸಿನಲ್ಲಿ ಊರಿನ ಸುದ್ದಿಯೆಲ್ಲ ಸಿಕ್ಕಿದ್ದಕ್ಕೆ ಮುಖ ಅರಳಿತ್ತು. ಹಿಂದೆ ಹೂವಯ್ಯ. ಕೊನೆಗೆ ಒಂದು ಕೈಯನ್ನು ಕಂಡಕ್ಟರಿಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಸ್ಟೀಲ್ ಡಬ್ಬಿ ಹಿಡಿದು ವರದಮ್ಮ. ದುಗ್ಗಮ್ಮ ರೊಟ್ಟಿ ಕಟ್ಟಿಕೊಟ್ಟಿದ್ದರು.

"ಅಲ್ಲೇ ನಾಲ್ಕು ರೊಟ್ಟಿ ತಿನ್ನಿಸಿದ್ಲು. ಸಾಲದು ಅಂತ ಇದು ಬೇರೆ" ಎಂದು ವರದಮ್ಮ ಡಬ್ಬಿಯನ್ನು ನನ್ನ ಕೈಗಿತ್ತರು. "ಬೆಳ್ಳುಳ್ಳಿ ಹಾಕಿಲ್ಲ ಹೆದರ್ಬೇಡಿ ಅಂದ್ಲು. ನಾನೇನು ಹೆದರ್ತಿದ್ನಾ?"

"ನೀನು ಹೆದರ್ತಿದ್ದೆ" ಎಂದರು ಗಣೇಶಮೂರ್ತಿ.

ಆ ಹೊತ್ತಿಗೆ ಕಲ್ಲುಕೊಪ್ಪದ ಶಾಲೆಯಲ್ಲಿ ದುಗ್ಗಮ್ಮ ಬಿಸಿಯೂಟಕ್ಕೆ ಒಲೆ ಹಚ್ಚಿರಬೇಕು.

ಈಗಲೂ ಅದು ನಡೆದುಕೊಂಡು ಬಂದಿದೆ. ಬಟ್ಟೆಮಲ್ಲಪ್ಪ ಊರಿನ ಕಡೆಯಿಂದ ಬರುವ ಎರಡು ಮನೆಯವರೂ ಹಾಗೆ ಮುಯ್ಯಿ ಮಾಡಿಕೊಂಡಿದ್ದಾರೆ. ಇನ್ನೊಂದು ಕಡೆ ಮಾಡಲು ಹೋಗಿ, ಇಬ್ಬರು ಅಣ್ಣತಮ್ಮಂದಿರು ಪಾಲಿನ ಜಗಳ ತೆಗೆದು, ಆಗಲಿಲ್ಲ. ಸುಷ್ಮಾ ಈಗ ಯಾರಿಗೇ ಆಗಲಿ ಏನಾದರೂ ಮಾಡುವ ಮೊದಲು ಅವರ ಜೊತೆ ಬೆಂಚಿನಲ್ಲಿ ಕೂತು ಕೇಳುತ್ತಾಳೆ. ಹೊಸನಗರಕ್ಕೆ ಹೋದಾಗ ಅಪ್ಪನನ್ನೂ ಕೂರಿಸಿಕೊಂಡು ಅಜ್ಜನ ಕಥೆ ಕೇಳಿದಳು. ಜಯಪ್ಪನವರು ಮೊದಲು ಎಂದಿನಂತೆ "ಹಳೇದೆಲ್ಲ ನಿಂಗ್ಯಾಕೆ" ಎಂದರಂತೆ. ಆಮೇಲೆ ಶುರು ಮಾಡಿದವರು ಊಟಕ್ಕೆ ಕರೆದರೂ ಏಳಲಿಲ್ಲವಂತೆ. ಮೊನ್ನೆ ಅಂಗಡಿಗೆ ಬಂದ ಯಾರೋ ಯಾವೂರು ಎಂದು ಕೇಳಿದಾಗ ಅವಳು ತನ್ನ ಹಳ್ಳಿಯ ಹೆಸರು ಹೇಳಿದಳು. ಅದು ಎಲ್ಲಿ ಬರುತ್ತದೆ ಎಂದು ವಿವರಿಸಲು ಅವಳಿಗೆ ಹೊತ್ತು ಹಿಡಿಯಿತು. ನಾನು ಪಕ್ಕದಲ್ಲೇ ಇದ್ದೆ.

ಆ ಗುರುವಾರದ ಒಂದು ಮಾತು ಹೇಳುವುದು ಉಳಿಯಿತು. ಕೇಂದ್ರದ ಬಾಗಿಲಲ್ಲಿ ಹೊಸ ಸಿಸ್ಟರ್ ಒಬ್ಬರಿದ್ದರು. ಗಣೇಶಮೂರ್ತಿಯವರ ಹೆಸರು ಬರೆದುಕೊಂಡು ಒಳಗೆ ಕಳಿಸಿದರು. ಹೂವಯ್ಯನ ತೋಳು ಹಿಡಿದು ನಿಂತಿದ್ದ ವರದಮ್ಮನನ್ನು ನೋಡಿ "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದರು.

ಸುಷ್ಮಾ ನನ್ನ ಕೈ ಹಿಡಿದಳು. ಏನೂ ಹೇಳಿಕೊಡಲಿಲ್ಲ.

"ಮುಯ್ಯಾಳು" ಎಂದರು ವರದಮ್ಮ.

"ಹಾಗಂದ್ರೆ?"

"ಹಾಗಂದ್ರೆ, ಸೋಮವಾರ ನಮ್ಮನೆಯವಳು ಬರ್ತಾಳೆ" ಎಂದು ಹೂವಯ್ಯ ಹೇಳಿ, ಚಪ್ಪಲಿ ಬಿಟ್ಟು ಒಳಗೆ ಹೋದರು.